ಬೆಳೀಲಾರದ ಉಗುರು

ಅಂಬೇವಾಡಿ, ದಾಂಡೇಲಿ
೧೨ ಅಕ್ಟೋಬರ್ ೨೦೨೫, ಐತವಾರ

ನನ್ನ ಕಮಲಕ್ಕಗ,

ಈ ಸಲ ನಿನ್ನ ಕಾಲಿಗಲ್ಲ, ನಿನ್ನ ಎರಡೂ ಕೈಗೆ ನನ್ನ ನಮಸ್ಕಾರ. ಇಲ್ಲೆ ಎಲ್ಲಾ ಆರಾಮ ಅಂತ ಮೊದಲ ಹೇಳೂದು ಪದ್ಧತಿ. ಆರಾಮ ಇಲ್ಲ, ಅದಕ್ಕ ಹೇಳೂದಿಲ್ಲ.

ಆಡಿಯೋ ಕಳಸಬ್ಯಾಡ, ಒತ್ತಿದಕೂಡಲೆ ಫೋನ್ ಒದರತೈತಿ, ಅವ್ವ ಕೇಳಸ್ಕೋತಾಳ ಅಂತ ನೀ ಬೈದಿದ್ದಿ. ಅದಕ್ಕ ಈಗ ನಾ ಬಾಯಿಲೆ ಹೇಳಕೋತ ಹೊಂಟೇನಿ, ಫೋನ್ ತಾನ ಅಕ್ಷರ ಮಾಡಕೋತ ಹೊಂಟೈತಿ. ತಪ್ಪ ಬಿದ್ರ ನೀನ ತಿದ್ದಿ ಓದು. ಬೆರಳಿಲೆ ಒತ್ತಿ ಬರಿಯೂ ಮನಸಿಲ್ಲ ನನಗ, ಯಾಕಂತ ಮುಂದ ತಿಳೀತೈತಿ. ಅವ್ವ ಗ್ವಾಂಜಾಳದ ಹೊಲಕ್ಕ ಹ್ವಾದ ಮ್ಯಾಲ ಒಬ್ಬಾಕಿನ ಕುಂತು ಓದು. ಓದಿ ನನಗ ಒಂದ ಮಾತ ಹೇಳಬೇಕು ನೀ. ಹೂಂ ಅಂತ, ಇಲ್ಲಾ ಬ್ಯಾಡ ಅಂತ. ಅಷ್ಟ.

ಅವ್ವ ನೋಡಿದ ಗಂಡು ಬ್ಯಾಡಂತ ನಾ ಮನಿ ಬಿಟ್ಟ ದಿನ ಮುಂಡಗೋಡ ಬಸ್‌ಸ್ಟ್ಯಾಂಡಿನ್ಯಾಗ ನೀ ನನ್ನ ಮುಷ್ಟ್ಯಾಗ ನಿನ್ನ ತಾಳಿ ತುರಕಿದ್ದಿಯಲ್ಲ, ಬಾಲು ಮಾವ ಕಬ್ಬಿನ ಟ್ರ್ಯಾಕ್ಟರ್ ಪಲ್ಟಿಯಾಗಿ ಹ್ವಾದ ಮ್ಯಾಲ ಟ್ರಂಕಿನ್ಯಾಗ ಇಟ್ಟಿದ್ದು. ಇದು ಕೊಳ್ಳಾಗ ಇದ್ರ ಯಾರೂ ನಿನ್ನ ತಡವೂದಿಲ್ಲ, ರೂಮೂ ಸಿಗತೈತಿ ಅಂದಿದ್ದಿ. ಎರಡೂ ಖರೇ ಆತು. ಮನಿ ಮಾಲಕಿ ಗೋದುಬಾಯಿ, ನಾ ಆಯಿ ಅಂತೇನಿ, ಮದಿವಿ ಆಗಲಾರದ ಹುಡುಗ್ಯಾರಿಗೆ ಕೊಡೂದಿಲ್ಲ ಅಂತ ಬಾಗಲದಾಗನ ಹೇಳಿದ್ರು. ಆಮ್ಯಾಲ ನನ್ನ ಕೊಳ್ಳ ನೋಡಿ ಚಾ ಕುಡದ ಹೋಗು ಅಂದ್ರು. ಗಂಡ ಎಲ್ಲೆ ಅಂತ ಕೇಳಿದ್ರು. ಗೋವಾದಾಗ, ಮೀನದ ಬೋಟಿನ್ಯಾಗ ಅಂದೆ. ಹೆಸರು ಕೇಳಿದ್ರು. ನಾ ಹೆಸರಿನ ವಿಚಾರನ ಮಾಡಿದ್ದಿಲ್ಲ ಅಕ್ಕಾ. ತಾಳಿ ಯಾರದೋ ಅವರ ಹೆಸರ ಬಾಯಾಗ ಬಂತು. ಬಾಲು ಅಂದೆ.

ಇದನ್ನ ಫೋನಿನ್ಯಾಗ ನಿನಗ ಹೇಳಿದ್ದಿಲ್ಲ. ಬ್ಯಾಸರ ಮಾಡಕೋಬ್ಯಾಡ.

ಮನ್ಯಾಗ ಆಯಿ ಮತ್ತ ಅವರ ಮಗಾ ದುಂಡೇಶ, ಇಬ್ಬರ. ದುಂಡೇಶ ಅವರು ಕಾಗದದ ಮಿಲ್ಲಿನ್ಯಾಗ ಕಾಂಟ್ರ್ಯಾಕ್ಟ್ ಮ್ಯಾಲ ಅದಾರ. ಮಾತು ಕಡಿಮಿ. ಅಲ್ಲೆ ಕಾಗದದ ದೊಡ್ಡ ರೋಲ್ ಬಿದ್ದು ಬಲಗೈ ಹೆಬ್ಬೆರಳ ಉಗುರು ಕರ್ರಗಾಗೇತಿ. ಅವರ ಹೇಂತಿ ಶೈಲಶ್ರೀ ಕಾಮಣಿ ಬ್ಯಾನಿ ಆಗಿ ತೀರಿಕೊಂಡು ಎರಡ ವರ್ಷ ಆತು. ಕೈತುಂಬ ಬಳಿ ಇಟಗೊಂಡು, ಮುತ್ತೈದಿಯಾಗಿ ಹ್ವಾದಾಕಿ.

ನನ್ನ ಕೆಲಸ ನಿನಗ ಗೊತ್ತೈತಿ. ಬಂಗೂರನಗರದಾಗ ವಿದ್ಯಾವತಿ ಮೇಡಂ ಪಾರ್ಲರಿನ್ಯಾಗ ಉಗುರ ಕೆಲಸ ಕಲಿಯಾಕತ್ತೇನಿ. ನೀ ನಕ್ಕಿದ್ದಿ, ಉಗುರ ಕತ್ತರಸಾಕ ಶಾಲಿ ಬೇಕೇನ ಅಂತ. ಬೇಕವಾ. ಮೊದಲ ಬಿಸಿನೀರಾಗ ಕೈ ನೆನಸಬೇಕು, ಬುಡದ ತೊಗಲ ಕಟಗೀಲೆ ಹಗೂರಕ ಹಿಂದ ಸರಸಬೇಕು, ಫೈಲ್ ಒಂದ ಕಡೆನ ಎಳೀಬೇಕು, ಗರಗಸದಂಗ ಹಿಂದ ಮುಂದ ತಿಕ್ಕಿದ್ರ ಉಗುರು ಪದರ ಬಿಡತೈತಿ. ಬಣ್ಣ ಮೂರ ಗೀರಿನ್ಯಾಗ ಮುಗೀಬೇಕು, ನಡುವ ಒಂದು, ಆಜೂಬಾಜೂ ಎರಡು. ಬುಡದಾಗ ಕೂದಲೆಳಿಯಷ್ಟ ಜಾಗಾ ಬಿಡಬೇಕು. ನನ್ನ ಕೈ ನಡಗತಿತ್ತು. ಪ್ಲಾಸ್ಟಿಕ್ ಉಗುರಿನ ಮ್ಯಾಲ ತಿಂಗಳಾನಗಟ್ಟಲೆ ಹಚ್ಚಿ ಹಚ್ಚಿ, ಮೊದಲನೇ ಸಲ ಒಬ್ರು ಟೀಚರಿಗೆ ಹಚ್ಚಿದ್ರ ಅವರು ಕೈ ಎತ್ತಿ ನೋಡಿ, ಉಗುರಿಗೆ ಹಚ್ಚೀಯೋ ನೀರಲಹಣ್ಣ ಹಿಚಕೀಯೋ ಅಂದ್ರು. ಮೇಡಂ ಅವತ್ತ ನನಗ ಬರೇ ಟವೆಲ್ ಮಡಚಾಕ ಹಚ್ಚಿದ್ರು.

ಮೇಡಂ ಒಂದ ಮಾತ ಯಾವಾಗೂ ಹೇಳತಾರ. ಬಣ್ಣ ಎಷ್ಟ ಛಂದ ಹಚ್ಚಿದ್ರೂ ಹತ್ತು ಹದಿನೈದು ದಿನಕ್ಕ ಉಗುರು ಮುಂದ ಹೋಗಿ ಬುಡದಾಗ ಬಿಳೇ ಜಾಗಾ ಕಾಣಸ್ತೈತಿ, ಮಂದಿ ಮತ್ತ ಬರತಾರ, ಉಗುರು ಬೆಳ್ಯೂದ ನಿಂತ್ರ ನಮ್ಮ ಅಂಗಡಿಗೆ ಕೀಲಿ ಅಂತ.

ಈಗ ಪಕ್ಷಮಾಸದ ಮಾತಿಗೆ ಬರತೇನಿ. ನಮ್ಮ ಕಡೆ ಇಲ್ಲ ಇದು. ಆಯಿಯವರು ಬೆಳಗಾವಿ ಕಡ್ಯಾವರು, ಅವರಲ್ಲೆ ಪಕ್ಷದಾಗ ನವಮಿ ದಿನ, ಮುತ್ತೈದಿಯಾಗಿ ಹ್ವಾದಾಕಿ ಹೆಸರಿಲೆ ಒಬ್ಬ ಮುತ್ತೈದಿನ್ನ ಕುಂಡ್ರಿಸಿ ಉಣಿಸತಾರ. ಎಣ್ಣಿ ಹಚ್ಚಿ ಎರೀತಾರ, ಹ್ವಾದಾಕಿ ಸೀರಿನ ಉಡಸ್ತಾರ, ಬಳಿ ಇಡಸ್ತಾರ, ಉಡಿ ತುಂಬತಾರ. ಅವತ್ತ ಆಕಿನ ಬಂದು ಉಂಡಂಗ ಲೆಕ್ಕ. ಹ್ವಾದ ವರ್ಷ ಅಳ್ನಾವರದಿಂದ ಒಬ್ಬ ಸಂಬಂಧಿಕರ ಸೊಸಿ ಬಂದು ಕುಂತಿದ್ಳಂತ. ಈ ಸಲ ಆಕಿ ಬರೂದಿಲ್ಲ, ಮನ್ಯಾಗ ಮುತ್ತೈದಿ ನೀನ ಇದ್ದೀಯಲ್ಲ, ಕುಂಡ್ರು ಅಂದ್ರು ಆಯಿ.

ಬ್ಯಾಡ ಅನ್ನಾಕ ಯಾಕ ಬ್ಯಾಡ ಅಂತ ಹೇಳಬೇಕಲ್ಲ ಅಕ್ಕಾ. ಹೇಳಿದ್ರ ರೂಮ್ ಹೋಗತೈತಿ, ರೂಮ್ ಹ್ವಾದ್ರ ಪಾರ್ಲರ್ ಹೋಗತೈತಿ, ಅವ್ವ ಮತ್ತ ಆ ಗಂಡಿನ ಮನಿಗೆ ಹೇಳಿ ಕಳಸ್ತಾಳ. ಬರೇ ಊಟ ಅಲ್ಲ, ಉಂಡ ಏಳೂದು ಅಂದ್ಕೊಂಡು ಕುಂತೆ.

ಮನಿ ಮ್ಯಾಲ ಮಂಗಟ್ಟಿ ಹಕ್ಕಿ ಜೋಡಿ ಒಂದು ಭರ್ ಅಂತ ಹಾರಿ ಹೋತು. ಆಯಿ ಗ್ವಾಡಿ ಗೂಡಿನ್ಯಾಗಿಂದ ಒಂದ ಸಣ್ಣ ಬಾಟ್ಲಿ ತಂದ್ರು, ಕಡು ಕೆಂಪು, ಅರ್ಧಾ ಉಳದಿತ್ತು. ಶೈಲಶ್ರೀದು. ಆಕಿಗೆ ಉಗುರಬಣ್ಣ ಅಂದ್ರ ಜೀವ ಅಂತ. ಆಕಿನ್ನ ಕಳಸೂ ದಿನ ಎಲ್ಲಾ ಹಾಕಿದ್ರು, ಹೂವು, ಬಳಿ, ಕುಂಕಮ. ಉಗುರಿಗೆ ಹಚ್ಚೂದು ಯಾರಿಗೂ ಹೊಳೀಲಿಲ್ಲ. ಅದೊಂದ ತಮ್ಮ ಎದಿಯಾಗ ಮುಳ್ಳಾಗಿ ಕುಂತೈತಿ, ನೀ ಕಲಿತಾಕಿ, ಹಚಗೋ ಅಂತ ಅಂದ್ರು. ಬಣ್ಣ ಗಟ್ಟಿಯಾಗಿ ಅಂಟಿನಂಗ ಆಗಿತ್ತು. ಎರಡೂ ಕೈಗೆ ಹಚಗೊಂಡೆ. ಎಡಗೈಲೆ ಬಲಗೈಗೆ ಹಚ್ಚೂದು ಪಳಗಿದವರಿಗೂ ಕಷ್ಟ, ನಾ ಅಂತೂ ತೊಗಲ ಮ್ಯಾಲೆಲ್ಲಾ ಮೆತ್ತಿದೆ.

ಎಲಿ ಮುಂದ ಕುಂಡ್ರಿಸಿ ಗಂಡನ ಹೆಸರ ಹಾಕಿ ಒಡಪ ಹೇಳು ಅಂದ್ರು. ಹೇಳಿದೆ. ಕಾಳಿ ಹೊಳಿ ನೀರು ತಿಳಿ, ಬೆಳ್ಳಿ ತಟ್ಟ್ಯಾಗ ಹಸರ ಎಲಿ, ಬಾಲು ಅವರ ಹೆಸರ ಹೇಳತೇನಿ, ಹಿರ್ಯಾರು ಕುಂತ ಕೇಳ್ರಿ. ಹಿಂಗ ಹ್ವಾದಾಕಿ ಫೋಟೋ ಮುಂದ ಕುಂತು ನಿನ್ನ ಗಂಡನ ಹೆಸರ ಹೇಳಿದೆ ಅಕ್ಕಾ.

ಖೀರು, ವಡಿ, ಬದ್ನಿಕಾಯಿ ಪಲ್ಯ ಬಡಿಸಿದ್ರು. ಬದ್ನಿಕಾಯಿ ಅಂದ್ರ ನನಗ ಎಷ್ಟ ಪ್ರೀತಿ ನಿನಗ ಗೊತ್ತೈತಿ, ನಿನ್ನ ತಾಟಿನ್ಯಾಗಿಂದೂ ಕಸಗೊಂಡ ತಿಂತಿದ್ದೆ. ಅವತ್ತ ನನ್ನ ಬಲಗೈ ಆ ಪಲ್ಯಾನ ಎಲಿ ಮೂಲಿಗೆ ಸರಿಸಿಬಿಡ್ತು. ನಾ ಸರಸಬೇಕಂತ ಸರಿಸಿದ್ದಲ್ಲ. ಬೆರಳ ತುದಿಲೆ ಒಂದೊಂದ ಹೋಳು ಆರಿಸಿ ಆರಿಸಿ ದೂರ ಇಡ್ತು, ಸಣ್ಣ ಹುಡುಗೂರ ಇಡತಾವಲ್ಲ, ಹಂಗ. ಆಯಿ ಸೆರಗ ಬಾಯಿಗೆ ಹಿಡಕೊಂಡ್ರು. ಶೈಲಶ್ರೀ ಬದ್ನಿಕಾಯಿ ಮುಟ್ಟತಿದ್ದಿಲ್ಲಂತ. ಆಮ್ಯಾಲ ಆಯಿ ಬಗ್ಗಿ ಕೇಳಿದ್ರು, ಶೈಲಾ, ಇನ್ನೊಂದೀಟ ಖೀರು ಹಾಕಲೇನು ಅಂತ. ನಾ ಹೂಂ ಅಂದೆ.

ಉಂಡ ಕೈ ತೊಳಕೊಂಡು ನೋಡತೇನಿ, ಬಲಗೈ ತೊಗಲಿಗೆ ಮೆತ್ತಿದ್ದ ಬಣ್ಣ ಒಂದ ಹನಿ ಇಲ್ಲ. ಉಗುರಿಗೆ ಅಷ್ಟ, ಬುಡದಾಗ ಕೂದಲೆಳಿಯಷ್ಟ ಜಾಗಾ ಬಿಟ್ಟು, ಮೇಡಂ ಹಚ್ಚಿದ್ರೂ ಹಂಗ ಕುಂಡ್ರತಿದ್ದಿಲ್ಲ. ತುಪ್ಪ ಹತ್ತಿ ಬಿಟ್ಟಿರಬೇಕು ಅಂದ್ಕೊಂಡೆ. ತುಪ್ಪ ತೊಗಲಿಂದ ಅಷ್ಟ ತಗದು ಉಗುರಿಂದು ಹೆಂಗ ಬಿಟ್ಟೀತು ಅಂತ ಈಗ ಅನಸ್ತೈತಿ.

ಕಡೀಕ ಎಲಿ ಅಡಕಿ ಒಂದ ಅರಬಿ ತುಂಡಿನ್ಯಾಗ ಕಟ್ಟಿ ಕೊಟ್ರು. ಅವಾಗ ಪದ್ಧತಿ ಹೇಳಿದ್ರು, ಉಂಡ ಮ್ಯಾಲ. ಉಂಡಾಕಿ ಅದ ಕೈಲೆ ಈ ಎಲಿ ಒಯ್ದು ತನ್ನ ಗಂಡನ ಕೈಯಾಗ ಕೊಡಬೇಕಂತ. ಕೊಟ್ರ ಹ್ವಾದಾಕಿ ತೃಪ್ತಿಯಾಗಿ ತನ್ನ ದಾರಿ ಹಿಡೀತಾಳ. ಕೊಡೂತನಾ ಆ ಕೈಯಾಗ ಇರತಾಳ. ನಿನ್ನ ಗಂಡ ಬಂದಾಗ ಕೊಡು, ಅವಸರ ಏನಿಲ್ಲ ಅಂದ್ರು ಆಯಿ. ನಾ ಗಂಟು ತಂದು ರೂಮಿನ್ಯಾಗ ಡಬ್ಬಿಯೊಳಗ ಇಟ್ಟೆ. ಯಾರಿಗೆ ಕೊಡ್ಲಿ.

ಸ್ವಲ್ಪ ತಡಿ, ಮಿಲ್ಲಿನ ಭೋಂಗಾ ಹೊಡೀಲಿಕ್ಕತ್ತೈತಿ, ಫೋನ್ ಅದನ್ನೂ ಬರೀಲಾಕ ನೋಡತೈತಿ. ಸೆಕೆಂಡ್ ಶಿಫ್ಟ್ ಬಿಟ್ಟಿರಬೇಕು. ಹೂಂ, ನಿಂತಿತು.

ಮರುದಿನ ಪಾರ್ಲರಿಗೆ ಹ್ವಾದ್ರ ನನ್ನ ಕೈ ನಡಗಲಿಲ್ಲ. ರೆಸಾರ್ಟಿಗೆ ಬಂದಿದ್ದ ಹುಬ್ಬಳ್ಳಿ ಹುಡುಗಿ ಒಬ್ಬಾಕಿ ಕುಂತಿದ್ಳು, ಹತ್ತೂ ಬೆರಳಿಗೆ ಮೂರ ಮೂರ ಗೀರಿನ್ಯಾಗ ಹಚ್ಚಿ ಮುಗಿಸಿದೆ. ಕಿರಿಬೆರಳಿನ ಮ್ಯಾಲ ಒಂದ ಸಣ್ಣ ಬಳ್ಳಿ ಬಿಡಸ್ತು ಕೈ. ಆ ಬಳ್ಳಿ ನಾ ಎಂದೂ ಕಲ್ತಿಲ್ಲ. ಮೇಡಂ ಕನ್ನಡಕ ಏರಿಸಿ ನೋಡಿದ್ರು, ಎಲ್ಲಿ ಟ್ಯೂಶನ್ ಹಚ್ಚೀ ಅಂತ ಕೇಳಿದ್ರು. ಈಗ ಮಂದಿ ನನ್ನ ಹೆಸರ ಹಿಡದು ಬರತಾರ. ಒಂದ ದೂರು ಅಂದ್ರ ನನ್ನ ಕೈ ಭಾಳ ಥಂಡಿ ಅಂತಾರ. ಬೆಳಿಗ್ಗೆದ್ದು ಕೈ ಫ್ರಿಜ್ಜಿನ್ಯಾಗ ಇಟ್ಟ ಬರತಾಳ ಇಕಿ ಅಂತ ಮೇಡಂ ಚ್ಯಾಷ್ಟಿ ಮಾಡತಾರ.

ಬನ್ನಿ ಹಬ್ಬದ ದಿನ, ಆಯಿ ಕೈಯಾಗ ಬನ್ನಿ ಕೊಡೂ ಮುಂದ ನಾ ನೋಡಿದ್ದು. ಎಡಗೈ ಉಗುರಿನ ಬುಡದಾಗ ಬಿಳೇ ಜಾಗಾ ಬಿದ್ದಿತ್ತು, ಬೀಳಬೇಕಾದ್ದ. ಬಲಗೈಗೆ ಇಲ್ಲ. ಹಚ್ಚಿದ ದಿನ ಹೆಂಗಿತ್ತೋ ಹಂಗ. ರಿಮೂವರ್ ಹಾಕಿ ಎರಡೂ ಕೈ ತಿಕ್ಕಿ ತಗದೆ. ಉಗುರ ಬುಡದಾಗ ಫೈಲಿನ ಮೂಲೀಲೆ ಎರಡೂ ಕೈಗೆ ಒಂದೊಂದ ಗೀರ ಹಾಕಿದೆ, ನೋಡೂಣು ಅಂತ. ಎಡಗೈ ಗೀರು ಈಗ ಮುಂದ ಹೋಗೇತಿ. ಬಲಗೈದು ಹಾಕಿದಲ್ಲೆ ಐತಿ. ಕೈಯಾಗ ನೋವಿಲ್ಲ, ಬಾವಿಲ್ಲ, ಬೆಳ್ಯೂದೊಂದ ಇಲ್ಲ. ಮೇಡಂಗ ತೋರಿಸಿದ್ರ ಕ್ಯಾಲ್ಶಿಯಂ ಗುಳಗಿ ತಗೋ ಅಂದ್ರು, ಮತ್ತ ಕತ್ತರಸೂ ತ್ರಾಸ ತಪ್ಪಿತು, ಪುಣ್ಯಾ ಮಾಡೀದಿ ಅಂತ ನಕ್ರು. ಡಬ್ಬಿ ತಗದು ಗಂಟ ಬಿಚ್ಚಿ ನೋಡಿದೆ. ನವಮಿ ದಿನದ ಎಲಿ ಅಕ್ಕಾ, ಇನ್ನೂ ಬಾಡಿಲ್ಲ. ತೊಟ್ಟು ಮುರದ್ರ ನೀರು ಬಂತು.

ಅಡಗಿಮನ್ಯಾಗ ಇನ್ನೂ ಬ್ಯಾರೆ. ಆಯಿಗೆ ಒಮ್ಮೊಮ್ಮೆ ರೊಟ್ಟಿ ಬಡದ ಕೊಡತೇನಿ. ಉಪ್ಪಿನ ಡಬ್ಬಿ ಎಲ್ಲೆ ಐತಿ ಅಂತ ಕೇಳೂದರಾಗ ಕೈ ಮ್ಯಾಲಿನ ಹಲಗಿ ಹಿಂದ ಹೋಗಿ ಹಿಡದಿರತೈತಿ. ಆಯಿ ನೋಡತಾರ. ನಾ ಬಂದಾಗ ಅರ್ಧ ರೊಟ್ಟಿ ತಿಂತಿದ್ದವರು ಈಗ ಎರಡ ತಿಂತಾರ. ಹಿತ್ತಲದಾಗ ಸೇವಂತಿಗಿ ಹಚ್ಯಾರ. ನಿನ್ನಿ ಮೊನ್ನಿ ಎರಡ ಸಲ ನನ್ನ ಶೈಲಾ ಅಂದ್ರು, ತಿದ್ದಕೊಳ್ಳಲಿಲ್ಲ. ದುಂಡೇಶ ಅವರು ನಾ ರೊಟ್ಟಿ ಬಡಿಯೂ ಸಪ್ಪಳ ಕೇಳಿ ತಾಟ ಬಿಟ್ಟು ಎದ್ದು ಹೊರಗ ಹ್ವಾದ್ರು ಒಂದ ದಿನ. ಬರೇ ಎರಡ ತುತ್ತ ಉಂಡಿದ್ರು. ನಾ ತಾಟ ಮುಚ್ಚಿ ಇಟ್ಟೆ.

ಇನ್ನ ಮುಚ್ಚಿ ಇಡೂದು ಆಗೂದಿಲ್ಲ ಅಂತ ನಿನ್ನಿ ಮಧ್ಯಾಹ್ನ ಧೈರ್ಯ ಮಾಡಿದೆ. ಆಯಿ ದೀಪಾವಳಿಗೆ ಬತ್ತಿ ಹೊಸಿಯಾಕ ಕುಂತಿದ್ರು. ನಾ ಅವರ ಮುಂದ ಕುಂತು ಕೊಳ್ಳಾಗಿನ ತಾಳಿ ತಗದು ನೆಲದ ಮ್ಯಾಲ ಇಟ್ಟೆ. ಆಯಿ, ನನಗ ಗಂಡ ಇಲ್ಲ, ಮದಿವಿನ ಆಗಿಲ್ಲ, ಇದು ನಮ್ಮ ಅಕ್ಕಂದು, ಅಕಿ ಗಂಡನೂ ಇಲ್ಲ ಅಂದೆ. ಬೈತಾರ, ಅಳತಾರ, ಚೀಲ ಹೊರಗ ಒಗೀತಾರ ಅಂತ ತಯಾರಾಗಿ ಕುಂತಿದ್ದೆ. ಅವರು ಬತ್ತಿ ಹೊಸಿಯೂದ ನಿಲ್ಲಸಲಿಲ್ಲ.

“ಗೊತ್ತೈತಿ, ಪೋರಿ. ಬಂದ ತಿಂಗಳದಾಗನ ಗೊತ್ತಾತು. ಗಂಡ ಇದ್ದಾಕಿ ಒಂದ ಸಲರ ಫೋನಿನ್ಯಾಗ ಜಗಳಾ ಆಡತಿದ್ಳು.”

ಗೊತ್ತಿದ್ದೂ ಯಾಕ ಕುಂಡ್ರಿಸಿದ್ರಿ ಅಂತ ಕೇಳಿದೆ. ಅದಕ್ಕ ಅವರು ಅಂದ ಮಾತು ಹಂಗಿಂದ ಹಂಗ ಹೇಳತೇನಿ ಕೇಳು.

“ಹ್ವಾದ ವರ್ಷ ಅಳ್ನಾವರದಾಕಿ ಉಂಡ್ಳು, ಸಂಜಿ ಗಾಡಿಗೆ ಹೋಗಿ ಗಂಡಗ ಎಲಿ ಕೊಟ್ಟು ನನ್ನ ಶೈಲಾನ್ನ ಕಳಿಸಿಬಿಟ್ಳು. ಒಂದ ಹಗಲಷ್ಟ ಇದ್ಳು ನನ್ನ ಕೂಸು. ಈ ವರ್ಷ ಆಕಿಗೆ ಬರಬ್ಯಾಡ ಅಂತ ನಾನ ಹೇಳಿದೆ. ಎಲಿ ಕೊಡಾಕ ಗಂಡ ಇಲ್ಲದಾಕಿ ಬೇಕಾಗಿತ್ತು ನನಗ.”

ಅಕ್ಕಾ, ಅವರು ಕೆಟ್ಟವರಲ್ಲ. ತಾಳಿ ಎತ್ತಿ ಸೆರಗಿಲೆ ಒರಸಿ ಮತ್ತ ನನ್ನ ಕೊಳ್ಳಾಗ ತಾವ ಹಾಕಿದ್ರು, ಬರೇ ಕೊಳ್ಳಾಗ ಹೊರಗ ಹೋಗಬ್ಯಾಡ ಅಂದ್ರು. ಆಮ್ಯಾಲ ನನ್ನ ಬಲಗೈ ತಮ್ಮ ಎರಡೂ ಕೈಯಾಗ ಇಟಗೊಂಡು ಬಿಸಿ ಮಾಡಕೋತ ಕುಂತ್ರು. ನಿನಗ ಭಾರ ಆಗಿದ್ರ ದೂರ ಹೋಗೂದ ಬ್ಯಾಡ, ಎಲಿ ತಗೋಳಾಕ ಗಂಡಸು ಮನ್ಯಾಗನ ಅದಾನ, ಆಕಿಗೂ ಅವನ ಗಂಡ, ನಿನಗೂ ಆಗತಾನ, ನಾ ನಾಕ ಮಂದಿ ಮುಂದ ಮದಿವಿ ಅಕ್ಕಿಕಾಳು ಹಾಕಸ್ತೇನಿ ಅಂತ ಹೇಳಿದ್ರು. ಅವರು ಹೇಳೂ ಮುಂದ ಕೈ ನನ್ನದಿದ್ರೂ ಅವರು ಮಾತಾಡಿದ್ದು ನನ್ನ ಜೋಡಿ ಅಲ್ಲ.

ನಾ ಮನಿ ಬಿಟ್ಟು ಬಂದಿದ್ದು ಯಾರೋ ಆರಿಸಿಟ್ಟ ಮನ್ಯಾಗ ಹೋಗಿ ಕುಂಡ್ರಬಾರದು ಅಂತ. ಈಗ ನೋಡಿದ್ರ ಇಲ್ಲೆ ಇನ್ನೊಬ್ಬಾಕಿ ಬಿಟ್ಟ ಹ್ವಾದ ಜಾಗಾದಾಗ ಒಂದ ಕೈ ಆಗಲೆ ಕುಂತೈತಿ. ಉಳದದ್ದೂ ಕುಂಡ್ರೂದರಾಗ ನನಗ ನನ್ನ ಕೈ ವಾಪಸ್ ಬೇಕು. ಕೆಟ್ಟ ಹಚ್ಚಿದ್ರೂ ಹಚ್ಚಲಿ, ನಡಗಿದ್ರೂ ನಡಗಲಿ.

ನಿನ್ನಿಯಿಂದ ವಿಚಾರ ಮಾಡಿ ಮಾಡಿ ಒಂದ ದಾರಿ ಕಾಣಿಸೇತಿ. ಆಕಿ ಮುಂದ ಕುಂತು ನಾ ಒಡಪಿನ್ಯಾಗ ಹೇಳಿದ ಹೆಸರು ಬಾಲು ಮಾವಂದು. ಕೊಳ್ಳಾಗಿದ್ದ ತಾಳಿನೂ ಅವರದ. ಹಂಗಾದ್ರ ಎಲಿ ಸಲ್ಲಬೇಕಾದ್ದು ಅವರಿಗೆ ಹೌದಲ್ಲ. ನಾ ಮಂಗಳವಾರ ಹಳಿಯಾಳ ಮ್ಯಾಲ ಹಾದು ಊರಿಗೆ ಬರತೇನಿ, ನಿನ್ನ ದೇವರ ಮಾಡದ ಬಾಜೂ ಇರೂ ಅವರ ಫೋಟೋ ಮುಂದ ಈ ಕೈಲೆ ಎಲಿ ಇಡತೇನಿ, ಹ್ವಾದಾಕಿ ಹ್ವಾದವರ ಕಡೆ ಹೋಗಲಿ.

ಇದರಾಗ ಏನೈತಿ ಅಂತ ನನಗ ಗೊತ್ತೈತಿ. ನಿನ್ನ ಗಂಡನ ಕಡೆ ಇನ್ನೊಬ್ಬಾಕಿನ್ನ ಕಳಿಸಿದಂಗ. ನೀ ಇವತ್ತಿಗೂ ಊಟಕ್ಕ ಕುಂಡ್ರೂ ಮುಂದ ಮೊದಲನೇ ತುತ್ತು ಆ ಫೋಟೋಕ್ಕ ತೋರಿಸಿ ಉಣತಿ. ಅಂಥಾ ಜಾಗಾದಾಗ ನಿನ್ನ ಕೇಳದ ನಾ ಏನೂ ಇಡೂದಿಲ್ಲ. ನೀ ಹೂಂ ಅಂದ್ರ ಬರತೇನಿ. ಬ್ಯಾಡ ಅಂದ್ರ ನಾ ಸಿಟ್ಟ ಮಾಡಕೊಳ್ಳೂದಿಲ್ಲ, ಖರೇನ ಮಾಡಕೊಳ್ಳೂದಿಲ್ಲ. ಆದ್ರ ಆಮ್ಯಾಲ ಎಲಿ ಹಿಡಕೊಂಡು ನಿಲ್ಲಾಕ ನನಗ ಇರೂದು ಒಂದ ಬಾಗಲ, ಅದೂ ಇದ ಮನ್ಯಾಗಿಂದು.

ವಿಚಾರ ಮಾಡಿ ಹೇಳು. ಭಾಳ ದಿನ ಮಾಡಬ್ಯಾಡ.

ಇನ್ನೂ ನಿನ್ನಾಕಿನ ಆಗಿರೂ,
ಮಾಯಾ

ತಾ.ಕ.: ಮ್ಯಾಲಿಂದ ಎಲ್ಲಾ ಒಮ್ಮೆ ಓದಿ ನೋಡಿದೆ. ಇವತ್ತಿಂದ ಒಂದು ಹೇಳೂದ ಬಿಟ್ಟೇನಿ. ಐತವಾರ ಮಧ್ಯಾಹ್ನ ಶೈಲಶ್ರೀ ಹಿತ್ತಲ ಕಟ್ಟಿ ಮ್ಯಾಲ ಕುಂತು ಗಂಡನ ಉಗುರು ಕತ್ತರಸತಿದ್ಳಂತ, ಆಯಿ ಹೇಳಿದ್ದು. ಇವತ್ತ ನಾ ಅರಬಿ ಒಣಗಹಾಕಿ ಬರೂ ಮುಂದ ದುಂಡೇಶ ಅವರು ಆ ಕಟ್ಟಿ ಮ್ಯಾಲ ಕುಂತಿದ್ರು. ಮುಖ ಆ ಕಡೆ ಇತ್ತು, ಕೈ ಈ ಕಡೆ ಚಾಚಿದ್ರು. ನಾ ಯಾವಾಗ ಕುಂತೆ ನನಗ ನೆನಪಿಲ್ಲ. ಆ ಕರ್ರಗಾದ ಹೆಬ್ಬೆರಳ ಸುತ್ತ ನೋಯದಂಗ ಕತ್ತರಿಸಿ, ಚೂರೆಲ್ಲಾ ಕಾಗದದಾಗ ಸುತ್ತಿ ಇಟ್ಟಿತು ಕೈ. ಬಲಗೈ ತನ್ನ ಕೆಲಸ ತಾ ಮಾಡ್ತು, ಅದಕ್ಕ ನಾ ಏನನ್ನಲಿ. ಆದ್ರ ಅಕ್ಕಾ, ಅವರ ಕೈ ಅಳಗ್ಯಾಡದಂಗ ಕೆಳಗ ಹಿಡಕೊಂಡಿದ್ದು ಎಡಗೈ. ಕೆಲಸ ಮುಗದ ಮ್ಯಾಲೂ ಬಿಡಲಿಲ್ಲ. ಎಡಗೈ ನಂದ ಐತಿ.